ಮೊಲ ತೋರಿಸಲು ಹೋದವಳು

“ಇದು ಆಗುವ ಮಾತಲ್ಲ” ಎಂದು ಮೊದಲು ಹೇಳಿದವರು ನಮ್ಮ ತರಬೇತಿ ಕೇಂದ್ರದ ಬೋಧಕಿ. ಆಮೇಲೆ ನಾನು ಬಾಲವಾಡಿ ನಡೆಸುತ್ತಿದ್ದ ನಿಂಬರ್ಗಾದ ಗೌಡರು ಹೇಳಿದರು. ಕೊನೆಗೆ ನನ್ನ ಬಾಲವಾಡಿಯ ಆಯಾ, ದಿನಾ ನನ್ನ ಜೊತೆ ಕೂತು ಕೂಸುಗಳ ಮೂಗು ಒರೆಸುವವಳು, ಅವಳೂ ಅದನ್ನೇ ಹೇಳಿದಳು.

ಬೋಧಕಿ ಮೈಸೂರು ಕಡೆಯವರು. “ಮೂರು ವರ್ಷದ ಮಕ್ಕಳನ್ನ ಬಸ್ಸಲ್ಲಿ ಕರ್ಕೊಂಡು ಹೋಗಿ ಪ್ರಾಣಿ ಮುಟ್ಟಿಸ್ತೀನಿ ಅಂತೀಯಲ್ಲ, ಒಂದು ಅತ್ತರೆ ಎಲ್ಲಾ ಅಳ್ತಾವೆ. ಪಟ ತೋರಿಸು, ಸಾಕು” ಎಂದರು.

ಗೌಡರು ಕಟ್ಟೆಯ ಮೇಲೆ ಕೂತು ನಾಲ್ಕು ಮಂದಿಗೆ ಕೇಳುವಂತೆ ಅಂದರು: “ಹಳ್ಳಿ ಕೂಸುಗಳಿಗಿ ಪ್ರಾಣಿ ತೋರ್ಸಾಕ ಆಳಂದಕ್ಕ ಒಯ್ತಿಯೇನವಾ? ಮನಿಮನಿಗಿ ಎಮ್ಮಿ ಅದಾವ, ಆಡು ಅದಾವ. ಬಿ.ಎ. ಓದಿ ಓದಿ ತಲಿ ಕೆಟ್ಟದೇನು?”

ಆಯಾಳ ಪ್ರಶ್ನೆ ಬೇರೆ. “ಬಾಯಾರ, ಬಸ್ನ್ಯಾಗ ಎಲ್ಲಾ ಕೂಸು ಒಮ್ಮಿಗೇ ಒಂದಕ್ಕ ಅಂದ್ರ ಏನ್ ಮಾಡ್ತೀರಿ?”

ಮೂರರಲ್ಲಿ ನನಗೆ ಉತ್ತರ ಗೊತ್ತಿಲ್ಲದ್ದು ಅದೊಂದೇ.

ಅದು ಎಂಬತ್ತರ ದಶಕದ ಮೊದಲ ವರ್ಷಗಳು. ಸರಸಂಬಾದ ಕೂಲಿ ಮಾಡುವ ಮನೆಯಿಂದ ಬಂದು ಬಿ.ಎ. ಮುಗಿಸಿದ ಮೊದಲನೆಯವಳು ನಾನು. ಆ ಮಾತನ್ನು ಇವತ್ತಿಗೂ ತಲೆ ಎತ್ತಿಯೇ ಹೇಳುತ್ತೇನೆ. ಡಿಗ್ರಿ ಇದ್ದರೂ ಬಾಲವಾಡಿ ಶಿಕ್ಷಕಿಯಾಗಿ ಉಳಿಯಲು ಒಂದು ವರ್ಷದ ತರಬೇತಿಯ ಪ್ರಮಾಣಪತ್ರ ಬೇಕೇ ಬೇಕಿತ್ತು. ಇಲ್ಲದಿದ್ದರೆ ಮುಂದಿನ ಜೂನಿಗೆ ಆ ಜಾಗ ಬೇರೆಯವರ ಪಾಲು. ತರಬೇತಿಯ ಕೊನೆಯ ಪರೀಕ್ಷೆ ಎಂದರೆ ಕೂಸುಗಳ ಹೊರಸಂಚಾರ: ಎಲ್ಲಿಗೆ, ಹೇಗೆ, ಯಾಕೆ ಎಂಬುದನ್ನು ನಾವೇ ಗೊತ್ತುಮಾಡಿ, ನಾವೇ ನಡೆಸಿ ತೋರಿಸಬೇಕು. ಜೊತೆಯವರು ಅಂಚೆ ಕಚೇರಿ, ಹಿಟ್ಟಿನ ಗಿರಣಿ ಆರಿಸಿಕೊಂಡರು.

ನಾನು ಪ್ರಾಣಿ ಆರಿಸಿಕೊಳ್ಳಲು ಒಂದು ಕಾರಣವಿತ್ತು. ಗೋಡೆಯ ಮೇಲೆ ಮೊಲದ ಪಟ ತೂಗುಹಾಕಿ “ಇದು ಏನು?” ಎಂದು ಕೇಳಿದ್ದೆ. ಒಂದು ಕೂಸು ಕಿವಿ ನೋಡಿ “ಕತ್ತಿ ಮರಿ”, ಕತ್ತೆಯ ಮರಿ, ಎಂದಿತು. ಇನ್ನೊಂದು “ಇಲಿ” ಎಂದಿತು. ಗೌಡರು ಹೇಳಿದ್ದು ಸುಳ್ಳಲ್ಲ, ಮನೆಮನೆಗೂ ದನ ಇದ್ದವು. ಆದರೆ ಆ ಕೂಸುಗಳು ದನದ ಬಗ್ಗೆ ಕೇಳಿದ್ದು “ಸನೇಕ ಹೋಗಬ್ಯಾಡ, ಒದೀತದ, ಹಾಯ್ತದ” ಎಂಬುದನ್ನು ಮಾತ್ರ. ಒಂದು ಜೀವವನ್ನು ಮೆಲ್ಲಗೆ ಮುಟ್ಟು ಎಂದು ಅವಕ್ಕೆ ಯಾರೂ ಹೇಳಿರಲಿಲ್ಲ.

ಬೋಧಕಿ ಕೊನೆಗೆ ಒಪ್ಪಿದರು. ಒಪ್ಪುತ್ತಲೇ ಒಂದು ಷರತ್ತು ಹಾಕಿದರು. “ಅವತ್ತು ನಾನು ಬಂದು ನೋಡ್ತೀನಿ. ಆದರೆ ಪಾಸೋ ಫೇಲೋ ಅಲ್ಲಿ ಹೇಳೋದಿಲ್ಲ. ಹದಿನೈದು ದಿನ ಬಿಟ್ಟು ನಿಮ್ಮೂರಿಗೆ ಬರ್ತೀನಿ. ‘ಮತ್ತೊಮ್ಮೆ ಇವಳ ಜೊತೆ ಮಗುವನ್ನ ಕಳಿಸ್ತೀರಾ?’ ಅಂತ ಒಂದೊಂದು ಮನೆಯವರನ್ನೂ ಕೇಳ್ತೀನಿ. ಒಂದು ಮನೆ ಇಲ್ಲ ಅಂದರೂ ನಿನ್ನ ಸರ್ಟಿಫಿಕೇಟು ಇಲ್ಲ.”

ಆಳಂದದ ಊರ ಹೊರಗೆ ಒಬ್ಬ ನಿವೃತ್ತ ದನದ ಡಾಕ್ಟರರ ತೋಟವಿತ್ತು. ಮಕ್ಕಳಿಲ್ಲದ ಆ ಗಂಡಹೆಂಡತಿ ಅಲ್ಲಿ ಮೊಲ, ಬಾತುಕೋಳಿ, ಪಾರಿವಾಳ, ಒಂದು ಜೋಡಿ ಟರ್ಕಿ ಕೋಳಿ, ಒಂದು ಮುದಿ ತಟ್ಟು ಕುದುರೆ, ನಾಲ್ಕಾರು ಆಡು ಸಾಕಿದ್ದರು. ಹಬ್ಬಹುಣ್ಣಿಮೆಗೆ ಊರ ಮಕ್ಕಳು ನೋಡಲು ಹೋಗುತ್ತಿದ್ದರು. ನಾನು ಮೊದಲು ಒಬ್ಬಳೇ ಹೋಗಿ ಅರ್ಧ ದಿನ ಕೂತು ನೋಡಿದೆ. ಯಾವ ಮೊಲ ಎತ್ತಿಕೊಂಡರೆ ಉಗುರು ಹಾಕುತ್ತದೆ, ಯಾವುದು ಸುಮ್ಮನಿರುತ್ತದೆ, ಟರ್ಕಿ ಎಷ್ಟು ದೂರ ಬರುತ್ತದೆ, ತಟ್ಟು ಯಾವ ಕಡೆಯಿಂದ ಹೋದರೆ ಬೆಚ್ಚುತ್ತದೆ, ಎಲ್ಲ ಡಾಕ್ಟರರನ್ನು ಕೇಳಿ ತಿಳಿದುಕೊಂಡೆ. ಆಡಿನ ಬಗ್ಗೆ ಏನೂ ಕೇಳಲಿಲ್ಲ. ಆಡಿನ ಬಗ್ಗೆ ನಮ್ಮ ಕಡೆ ಯಾರು ಯಾರನ್ನು ಕೇಳುತ್ತಾರೆ?

ತಯಾರಿ ಬಾಲವಾಡಿಯಲ್ಲೇ ಶುರುವಾಯಿತು. ಹನ್ನೊಂದು ಕೂಸುಗಳು. ಒಂದು ಉದ್ದ ಹಗ್ಗಕ್ಕೆ ಮಾರಿಗೊಂದರಂತೆ ಬಟ್ಟೆ ಸುತ್ತಿ ಗಂಟು ಹಾಕಿದೆ. ಗಂಟಿಗೆ ಒಂದು ಕೂಸು. ಕೈ ಬಿಟ್ಟರೆ ಎಲ್ಲರೂ ನಿಲ್ಲಬೇಕು. ಹಾಗೆ ಓಣಿಯಲ್ಲಿ ನಡೆಸಿಕೊಂಡು ಹೊರಟರೆ ಗಂಡಸರು, “ಏನ್ರೀ ಬಾಯಾರ, ಕೂಸುಗಳನ್ನ ದಾವಣಿಗಿ ಕಟ್ಟೀರೇನು? ಮೇವು ಹಾಕಿದ್ರೋ ಇಲ್ಲೋ?” ಎಂದು ನಗುತ್ತಿದ್ದರು. ನಗಲಿ ಎಂದು ನಡೆದೆ.

ಮೆಲ್ಲಗೆ ಮುಟ್ಟುವುದನ್ನು ಕಲಿಸುವುದೇ ಕಠಿಣವಾಯಿತು. “ಮೆಲ್ಲಕ” ಎಂದರೆ ಆ ವಯಸ್ಸಿಗೆ ಏನೂ ಅರ್ಥವಾಗುವುದಿಲ್ಲ. ಹಳೆ ಸೀರೆಯಿಂದ ಒಂದು ಮೊಲ ಹೊಲಿದು ಕೊಟ್ಟೆ. ಅದರ ಕಿವಿ ಒಂದೇ ದಿನದಲ್ಲಿ ಕಿತ್ತು ಬಂತು. ಆಮೇಲೆ ಆಯಾ ರೊಟ್ಟಿಗೆ ಜೋಳದ ಹಿಟ್ಟು ನಾದುವುದನ್ನು ನೋಡುತ್ತಾ ಹೊಳೆಯಿತು. ನಾದಿದ ಹಿಟ್ಟಿನ ಉಂಡೆ ತಟ್ಟೆಯಲ್ಲಿಟ್ಟು ಹೇಳಿದೆ: ಕೈ ಆಡಿಸಿ, ಆದರೆ ಬೆರಳಿನ ಗುರುತು ಬೀಳಬಾರದು. ಗುರುತು ಬಿದ್ದರೆ ಮೊಲಕ್ಕೆ ನೋವಾದಂತೆ. ಒಂದು ವಾರದಲ್ಲಿ ಹಿಟ್ಟು ನುಣ್ಣಗೆ ಉಳಿಯತೊಡಗಿತು. ಮೊಲಕ್ಕೆ ಗಜ್ಜರಿ ತಿನ್ನಿಸುವಾಗ ಅಂಗೈ ಚಪ್ಪಟೆ, ಬೆರಳು ಕೂಡಿಸಿ. ಅದನ್ನೂ ಆಟದಂತೆ ಕಲಿಸಿದೆ.

ಮೊದಲ ಸಲ ಹೊರಟ ದಿನ ಬಸ್ಸೇ ಹತ್ತಲಾಗಲಿಲ್ಲ. ಅಫಜಲಪುರದ ಕಡೆಯಿಂದ ಬರುವ ಬಸ್ಸು ತುಂಬಿ ವಾಲಿಕೊಂಡು ಬಂತು. ಕಂಡಕ್ಟರ್ ದಾವಣಿ ನೋಡಿ ಶಿಳ್ಳೆ ಹೊಡೆದು ಹೋಗೇಬಿಟ್ಟ. ಹನ್ನೊಂದು ಕೂಸು ಧೂಳಿನಲ್ಲಿ ನಿಂತು ಅತ್ತವು. ಸಂಜೆ ಗೌಡರು “ಮೊಲ ನೋಡಿ ಬಂದ್ರೇನವಾ?” ಎಂದು ಕೇಳಿದರು.

ಅವತ್ತೇ ವಸ್ತಿ ಬಸ್ಸಿನ ಚಾಲಕನ ಹತ್ತಿರ ಹೋದೆ. ರಾತ್ರಿ ಊರಲ್ಲೇ ತಂಗಿ ಮುಂಜಾನೆ ಖಾಲಿ ಹೊರಡುವ ಬಸ್ಸು ಅದು. ಸೀಟು ಬೇಕಾದಷ್ಟು. ದಾರಿಯಲ್ಲಿ ಒಂದು ಕಡೆ ಕೂಸುಗಳಿಗಾಗಿ ನಿಲ್ಲಿಸಬೇಕು ಎಂದೆ.

“ಗೌಡ್ರು ಕೈ ಮಾಡಿದ್ರೂ ನಡುದಾರ್ಯಾಗ ನಿಲ್ಲಸಂಗಿಲ್ಲರೀ ನಾ. ಕೂಸಿನ ಒಂದಕ್ಕ ನಿಲ್ಲಸ್ಬೇಕೇನು?”

“ನಿಲ್ಲಸಲಿಲ್ಲಂದ್ರ ಬಸ್ನ್ಯಾಗೇ ಆಗ್ತದ. ತೊಳೆಯೋರು ಯಾರು, ನೀವೇ ಹೇಳ್ರಿ.”

ಆತ ಸ್ವಲ್ಪ ಯೋಚಿಸಿ, “ನಿಲ್ಲಸ್ತೇನಿ” ಎಂದ. ಆಯಾಳ ಪ್ರಶ್ನೆಗೂ ಹಾಗೆ ಉತ್ತರ ಸಿಕ್ಕಿತು.

ತೊಗರಿ ಕೊಯ್ಲಿನ ದಿನಗಳು. ತಾಯಂದಿರೆಲ್ಲ ಹೊಲಕ್ಕೆ. ಜೊತೆಗೆ ಬಂದವರು ಆಯಾ ಮತ್ತು ಇಬ್ಬರು ಅಜ್ಜಿಯರು. ಬಸ್ಸು ಹತ್ತಿಸುವಾಗ ಒಂದು ಮನೆಯ ಕೂಸು ಎಲ್ಲರ ಕಣ್ಣು ಸೆಳೆಯಿತು. ಮೂರು ತುಂಬಿದ ಹುಡುಗ, ಎರಡು ಜಡೆ. ಜವಳ ಆಗದ ಕೂಸು. ಹುಟ್ಟುಗೂದಲು ಮನೆದೇವರ ಪಾಲು, ದೇವರ ಮುಂದೆ ಸೋದರಮಾವ ಮೊದಲ ಕತ್ತರಿ ಹಾಕುವವರೆಗೆ ಯಾರೂ ಮುಟ್ಟುವಂತಿಲ್ಲ. ಅವನ ಅಜ್ಜಿ ಮೊಣಕಾಲು ನೋವಿನಿಂದ ಬರಲಾಗದೆ, ಬದಲಿಗೆ ಮೊಮ್ಮಗನಿಗೆ ಎಣ್ಣೆ ಹಚ್ಚಿ, ಜಡೆ ಹೆಣೆದು, ಎರಡೂ ಜಡೆಗೆ ಹಳದಿ ಸೇವಂತಿಗೆ ಮುಡಿಸಿ ಕಳಿಸಿದ್ದಳು. “ಊರ ಬಿಟ್ಟು ಮೊದ್ಲ ಸಲ ಹೊಂಟದ, ಛಂದ ಕಾಣ್ಲಿ” ಎಂದು.

ತೋಟದಲ್ಲಿ ಬೋಧಕಿ ನಮಗಿಂತ ಮೊದಲೇ ಬಂದು ಹುಣಸೆ ಮರದ ನೆರಳಲ್ಲಿ ಕುರ್ಚಿ ಹಾಕಿ ಕೂತಿದ್ದರು. ನಾವು ಗೇಟು ದಾಟುತ್ತಲೇ ಟರ್ಕಿ ಕತ್ತು ಕೆಂಪು ಮಾಡಿಕೊಂಡು, ರೆಕ್ಕೆ ಬಿಚ್ಚಿ, ಒಮ್ಮೆ ಕೂಗಿತು. ಹನ್ನೊಂದು ಕೈ ಹಗ್ಗ ಬಿಟ್ಟವು. ಒಂದು ಕೂಸು ಅತ್ತಿತು. ಬೋಧಕಿ ಹೇಳಿದಂತೆಯೇ ಎಲ್ಲವೂ ಅತ್ತವು. ಆಯಾ ಮೂರನ್ನು ಒಟ್ಟಿಗೆ ಎತ್ತಿಕೊಳ್ಳಲು ಹೋಗಿ ತಾನೇ ಕುಸಿದು ಕೂತಳು.

ಸಮಾಧಾನ ಮಾಡಲು ಹೋದರೆ ಅಳು ಬೆಳೆಯುತ್ತದೆಂದು ಗೊತ್ತಿತ್ತು. ನಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಡಾಕ್ಟರರಿಂದ ಒಂದು ಬಿಳಿ ಮೊಲ ಇಸಿದುಕೊಂಡು ಮಡಿಲಲ್ಲಿಟ್ಟೆ. ಕೂಸುಗಳ ಕಡೆ ನೋಡಲೇ ಇಲ್ಲ. ಮೊಲದ ಬೆನ್ನ ಮೇಲೆ ಕೈ ಆಡಿಸುತ್ತಾ, “ಗುರುತು ಬೀಳಬಾರ್ದು, ಗುರುತು ಬೀಳಬಾರ್ದು” ಎಂದು ನನ್ನಷ್ಟಕ್ಕೆ ಅನ್ನುತ್ತಾ ಕೂತೆ. ಪ್ರಾಣಿಯನ್ನು ಕೂಸಿನ ಹತ್ತಿರ ಒಯ್ಯಬಾರದು, ಕೂಸೇ ಬರಬೇಕು. ತರಬೇತಿಯಲ್ಲಿ ಕಲಿತಿದ್ದೆ, ಆದರೆ ಕಾಯುವುದು ಇಷ್ಟು ಕಷ್ಟವೆಂದು ಕಲಿತಿರಲಿಲ್ಲ. ಕುರ್ಚಿಯ ಕಡೆ ಕಣ್ಣು ಹೋಗದಂತೆ ತಡೆದುಕೊಂಡೆ.

ಮೊದಲು ಬಂದವನು ಎರಡು ಜಡೆಯವನು. ಕೆನ್ನೆಯ ಮೇಲೆ ಕಣ್ಣೀರಿದ್ದಂತೆಯೇ ಅಂಗೈ ಇಟ್ಟ. ಇಟ್ಟವನು ಹಾಗೇ ನಿಂತ.

“ಬಾಯಾರ, ಇದ್ರ ಹೊಟ್ಯಾಗ ಯಾರೋ ಕದಾ ಬಡ್ಯಾಕತ್ತಾರ.”

“ಅದು ಅದರ ಎದಿ. ನಿಂದೂ ಬಡೀತದ ನೋಡು.”

ಅವನು ಅಂಗಿಯೊಳಗೆ ಕೈ ಹಾಕಿ ನೋಡಿಕೊಂಡ. ಅದನ್ನು ನೋಡಿ ಇನ್ನೊಂದು ಬಂತು. ಸ್ವಲ್ಪ ಹೊತ್ತಿಗೆ ನನ್ನ ಸುತ್ತ ಜಾಗ ಇರಲಿಲ್ಲ. ಒಂದು ಮೊಲಕ್ಕೂ ನೋವಾಗಲಿಲ್ಲ, ಒಂದು ಬೆರಳಿಗೂ ಹಲ್ಲು ತಾಗಲಿಲ್ಲ. ಬೋಧಕಿ ಎದ್ದು ಬಂದು ನಿಂತು ನೋಡಿದರು. ಆಮೇಲೆ ಕಲಬುರ್ಗಿ ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಅವರು ಹೋದ ಮೇಲೆ ಕೂಸುಗಳನ್ನು ಆಡಿನ ಕೊಟ್ಟಿಗೆಯ ಬಿದಿರು ಬೇಲಿಗೆ ಬೆನ್ನು ಮಾಡಿ ಸಾಲಾಗಿ ಕೂಡಿಸಿ ಚುರಮುರಿ ಹಂಚತೊಡಗಿದೆವು. ಅಲ್ಲಿ ನೆರಳಿತ್ತು. ಟರ್ಕಿ ಕಾಣುತ್ತಿರಲಿಲ್ಲ. ಆಡಿಗೆ ಹೆದರುವ ಕೂಸು ನಮ್ಮಲ್ಲಿ ಒಂದೂ ಇರಲಿಲ್ಲ. ಅಜ್ಜಿಯರು, ಆಯಾ, ನಾನು, ಎಲ್ಲರೂ ಆಡಿನ ನಡುವೆಯೇ ಬೆಳೆದವರು. ಯಾರೂ ಹಿಂದೆ ತಿರುಗಿ ನೋಡಲಿಲ್ಲ.

“ಆಡು ನನ್ನ ಹೂವ ತಿಂತು” ಎಂದು ಎರಡು ಜಡೆಯವನು ನಕ್ಕ.

ನೋಡಿದರೆ ಎಡಗಡೆ ಜಡೆ ಇಲ್ಲ. ಸೇವಂತಿಗೆ ಹೂವಿಗೆ ಬಾಯಿ ಹಾಕಿದ ಆಡು ಹೂವಿನ ಜೊತೆ ಜಡೆಯನ್ನೂ ಕಡಿದು ಜಗಿಯುತ್ತಾ ನಿಂತಿತ್ತು. ಅದರ ಬಾಯಿಗೆ ಕೈ ಹಾಕಿದೆ. ಸಿಕ್ಕಿದ್ದು ಜೊಲ್ಲಿನಲ್ಲಿ ಒದ್ದೆಯಾದ ಒಂದು ಹಿಡಿ ಕೂದಲು ಮತ್ತು ರಿಬ್ಬನ್ನಿನ ತುಂಡು.

ಆಯಾ ತಲೆಯ ಮೇಲೆ ಕೈ ಹೊತ್ತು ಕೂತಳು. “ದೇವ್ರ ಕೂದ್ಲ! ಬಾಯಾರ, ಮುಗೀತು.” ಇಬ್ಬರು ಅಜ್ಜಿಯರಲ್ಲಿ ಒಬ್ಬಳು ಮಾತ್ರ ಗಟ್ಟಿ. “ಯಾಕ ಬಾಯಿ ಮಾಡ್ತಿ ಬೇ? ಉಳಿದ ಜಡಿ ಬಿಚ್ಚಿ, ಎಲ್ಲಾ ಕೂಡ್ಸಿ ನೆತ್ತಿ ಮ್ಯಾಲ ಒಂದು ಜುಟ್ಟ ಕಟ್ಟೂಣು. ಹದಿನೈದು ದಿನ ಯಾರಿಗೂ ಗೊತ್ತಾಗಂಗಿಲ್ಲ. ಈ ಪೋರಿ ಪಾಸಾಗ್ಲಿ. ಆಮ್ಯಾಲ ನೋಡ್ಕೊಂಡ್ರಾತು. ನಾವ್ಯಾರೂ ಬಾಯಿ ಬಿಡಂಗಿಲ್ಲ.”

ಅದು ಪ್ರೀತಿಯ ಮಾತು. ಬಸ್ಸಿನಲ್ಲಿ ಬರುವಾಗ ಅವರು ಜುಟ್ಟು ಕಟ್ಟಿಯೂ ಆಯಿತು, ಚೆನ್ನಾಗಿ ಮುಚ್ಚಿತ್ತು. ಹುಡುಗ ನನ್ನ ತೊಡೆಯ ಮೇಲೆ ಮಲಗಿದ್ದ. ಬೋಧಕಿಯ ಪ್ರಶ್ನೆ ನನ್ನ ತಲೆಯಲ್ಲಿ ತಿರುಗುತ್ತಿತ್ತು: ಮತ್ತೊಮ್ಮೆ ಇವಳ ಜೊತೆ ಕಳಿಸ್ತೀರಾ? ಆ ಮನೆಯವರು ಏನೂ ತಿಳಿಯದೆ ‘ಹೂಂ’ ಎಂದರೆ ಆ ‘ಹೂಂ’ ನನ್ನದಾಗುವುದಿಲ್ಲ. ಊರು ಬರುವ ಮೊದಲು ನಾನೇ ಜುಟ್ಟು ಬಿಚ್ಚಿದೆ.

ಬಸ್ಸಿಳಿದು ಉಳಿದ ಕೂಸುಗಳನ್ನು ಆಯಾಳಿಗೆ ಒಪ್ಪಿಸಿ, ಹುಡುಗನನ್ನು ಎತ್ತಿಕೊಂಡು ನೇರ ಅವನ ಮನೆಗೆ ಹೋದೆ. ಅಜ್ಜಿ ಪಡಸಾಲೆಯಲ್ಲಿ ಕೂತಿದ್ದಳು. ಕೂದಲು ಕರವಸ್ತ್ರದಲ್ಲಿಟ್ಟು ಮುಂದೆ ಹಿಡಿದು ಆದದ್ದನ್ನು ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕರವಸ್ತ್ರ ತೆಗೆದುಕೊಂಡು ದೇವರ ಜಗಲಿಯ ಕೆಳಗಿಟ್ಟಳು.

“ದೇವ್ರಿಗಿ ಮುಟ್ಟಬೇಕಾದದ್ದು ಆಡಿನ ಹೊಟ್ಟಿಗಿ ಮುಟ್ಟಿತು. ಜವಳ ಆಗೂತನ ನಮ್ಮ ಕೂಸು ನಿಮ್ಮ ಬಾಲವಾಡಿಗಿ ಬರಂಗಿಲ್ಲ. ನಿಮ್ಮ ಮೇಡಮ್ ಬಂದು ಕೇಳಿದ್ರ ಇಲ್ಲ ಅಂತೀನಿ. ಮೊದ್ಲೇ ಹೇಳಿರ್ತೀನಿ, ನೀವೂ ಮೊದ್ಲೇ ಬಂದು ಹೇಳೀರಿ.”

“ಹಂಗಾರ ಜವಳ ಮಾಡ್ರಿ ಆಯಿ” ಎಂದೆ.

ಒಳಗಿನಿಂದ ಸೊಸೆ ಬಾಗಿಲಿಗೆ ಬಂದು ನಿಂತಳು. ಆಗ ತಿಳಿಯಿತು, ಮೂರು ವರ್ಷ ಜವಳ ಯಾಕೆ ನಿಂತಿದೆ ಎಂದು. ಸೊಸೆಯ ಅಣ್ಣ, ಅಂದರೆ ಕೂಸಿನ ಸೋದರಮಾವ, ಅತನೂರಿನವನು. ತೊಟ್ಟಿಲ ದಿನ ಕೂಸಿನ ತಲೆಗೆಂದು ಆತ ತಂದ ಕುಂಚಿಗೆಯನ್ನು ಪಕ್ಕಕ್ಕಿಟ್ಟು, ಬೇರೆ ಯಾರೋ ತಂದ ಜರಿಯ ಕುಂಚಿಗೆಯನ್ನು ಕೂಸಿಗೆ ಮೊದಲು ತೊಡಿಸಿದ್ದರು. ಆತ ಊಟ ಮಾಡದೆ ಎದ್ದು ಹೋದವನು ಮತ್ತೆ ಬಂದಿರಲಿಲ್ಲ. ಮಾವ ಇಲ್ಲದೆ ಕತ್ತರಿ ಹಾಕುವಂತಿಲ್ಲ. ಕರೆಯಲು ಇವರು ಹೋಗುವುದಿಲ್ಲ, ಕರೆಯದೆ ಆತ ಬರುವುದಿಲ್ಲ.

“ನಾ ಹೋಗಿ ಕರೀಲೇನ್ರಿ?”

ಅಜ್ಜಿ ಮುಖ ಬೇರೆ ಕಡೆ ಮಾಡಿದಳು. “ನಾವು ಕಳ್ಸಂಗಿಲ್ಲ. ಹೋದ್ರ ನಿಮ್ಮ ಕಾಲು, ನಿಮ್ಮ ಮರ್ಜಿ.”

ರವಿವಾರ ಅತನೂರಿಗೆ ಹೋದೆ. ಆತ ಕಣದಲ್ಲಿ ತೊಗರಿ ಬಡಿಯುತ್ತಿದ್ದ, ಸುತ್ತ ಆಳುಗಳು. ಕೋಲು ಕೆಳಗಿಡದೆ ನನ್ನ ಮಾತು ಕೇಳಿದ.

“ಕುಂಚಿಗಿ ಬ್ಯಾಡಾದವ್ರಿಗಿ ಮಾವ ಯಾಕ ಬೇಕ್ರೀ?”

ದೇವರ ಹೆಸರು ಹೇಳಿದೆ, ತಂಗಿಯ ಹೆಸರು ಹೇಳಿದೆ, ಕೂಸಿನ ಹೆಸರು ಹೇಳಿದೆ. ಕೋಲು ಬೀಳುತ್ತಲೇ ಇತ್ತು. “ಅವ್ರು ಬಂದು ಕರೀಲಿ” ಎಂಬುದೊಂದೇ ಉತ್ತರ. ಹೊಟ್ಟು ನನ್ನ ಸೀರೆಯ ಮೇಲೆಲ್ಲ ಬಿತ್ತು. ಕೊನೆಗೆ ಯಾಕೆ ಬಂದೆ ಎಂಬುದನ್ನಾದರೂ ಪೂರ್ತಿ ಹೇಳಿಬಿಡೋಣವೆಂದು ಆಡಿನ ಕಥೆ ಹೇಳಿದೆ. ಆ ತನಕ ‘ಜವಳ ತಡವಾಗಿದೆ’ ಎಂದಷ್ಟೇ ಹೇಳಿದ್ದೆ.

ಮೊರದಿಂದ ತೊಗರಿ ಕೇರುತ್ತಿದ್ದ ಆತನ ಹೆಂಡತಿ ತಲೆ ಎತ್ತಿದಳು. “ಏನಂದ್ರಿ? ಮೊದ್ಲ ಕೂದ್ಲ ಆಡು ಕತ್ತರಿಸ್ತೇನು?”

“ಹೌದ್ರಿ.”

“ಹಂಗಾರ ಮುಗೀತು ಬಿಡ್ರಿ! ನಮ್ಮ ಯಜಮಾನ್ರಿಗಿ ಇನ್ನ ಕೆಲಸಿಲ್ಲ. ಆ ಕೂಸಿಗಿ ಆಡೇ ಸೋದರಮಾವ ಆತು.”

ಕಣದಲ್ಲಿದ್ದ ಆಳುಗಳೆಲ್ಲ ಹೋ ಎಂದು ನಕ್ಕರು. ಒಬ್ಬ ಮುದುಕ, “ಮಾವಗ ಕೊಡೂ ಆಹೇರಿ ಬಟ್ಟಿ ಆಡಿಗೇ ಕೊಡ್ಬೇಕಾತಲ್ಲೋ!” ಎಂದ. ಕೋಲು ನಿಂತಿತು. ಆತನ ಮುಖ ಕೆಂಪಾಯಿತು. ಹೆಂಡತಿ ನಿಲ್ಲಿಸಲಿಲ್ಲ: “ಸಂತ್ಯಾಗ ಮಂದಿ ಕೇಳ್ತಾರ, ಏನಪಾ, ನಿಮ್ಮ ಬೀಗ ಆಡು ಆರಾಮೇನು ಅಂತ.”

“ಏ, ಸುಮ್ನಿರು ಬೇ!” ಎಂದು ಆತ ನನ್ನ ಕಡೆ ತಿರುಗಿದ. “ಎಷ್ಟು ತಿಂದದರೀ ಅದು?”

“ಒಂದು ಜಡಿ. ಇನ್ನೊಂದು ಉಳದದ.”

“ಅದಕ್ಕ ಯಾರೂ ಕೈ ಹಚ್ಚಬಾರ್ದು ಅಂತ ಹೇಳ್ರಿ. ನಾಳಿ ಸೋಮಾರ ಅದ, ಬರ್ತೇನಿ.”

ನಾನು ಆಲೋಚಿಸಿಕೊಂಡು ಹೋದ ಮಾತು ಒಂದೂ ಕೆಲಸಕ್ಕೆ ಬರಲಿಲ್ಲ. ಆ ಹೆಣ್ಣುಮಗಳು ಕೇರುತ್ತಾ ಕೂತೇ ಮೂರು ವರ್ಷದ ಗಂಟು ಬಿಚ್ಚಿದಳು. ಬಸ್‌ಸ್ಟ್ಯಾಂಡಿನವರೆಗೆ ಬಂದು ನನಗೆ ಮೆಲ್ಲಗೆ ಹೇಳಿದಳು: “ಆತಗ ಹೋಗ್ಬೇಕಂತ ಮನಸ್ಸಿತ್ತು. ಒಂದು ನೆವ ಬೇಕಾಗಿತ್ತು ಅಷ್ಟೇ.”

ಸೋಮವಾರ ಆತ ಬಂದ. ಕೂಸಿಗೆ ಒಂದು ಟೊಪ್ಪಿಗೆ ತಂದಿದ್ದ. ಮನೆದೇವರ ಗುಡಿಯಲ್ಲಿ ಉಳಿದ ಜಡೆಗೆ ಕತ್ತರಿ ಹಾಕಿದ. ಅಜ್ಜಿ ಕರವಸ್ತ್ರದಲ್ಲಿದ್ದ ಆ ಹಿಡಿ ಕೂದಲನ್ನೂ ಅದರ ಜೊತೆಗೇ ದೇವರ ಮುಂದಿಟ್ಟಳು. ಬೋಳು ತಲೆಗೆ ಮಾವನ ಟೊಪ್ಪಿಗೆಯನ್ನು ಅಜ್ಜಿಯೇ, ಎಲ್ಲರಿಗಿಂತ ಮೊದಲು ಹಾಕಿದಳು.

ನನ್ನ ವರದಿಯಲ್ಲಿ ಆಡಿನ ಘಟನೆಯನ್ನು ಇದ್ದಂತೆ ಬರೆದು ಕಳಿಸಿದ್ದೆ. ಹದಿನೈದು ದಿನ ಕಳೆದು ಮನೆಯವರ ಸಭೆ ಕರೆದ ಬೋಧಕಿ ಬಾಲವಾಡಿಯ ಚಾಪೆಯ ಮೇಲೆ ಕೂತು ಒಬ್ಬೊಬ್ಬರನ್ನೇ ಕೇಳಿದರು. “ಕಳಸ್ತೀವ್ರಿ” ಎಂದವು ಹತ್ತು ಮನೆಗಳು. ಹನ್ನೊಂದನೆಯದಕ್ಕೆ ಅಜ್ಜಿ ಗೋಡೆ ಹಿಡಿದು ಎದ್ದು ನಿಂತಳು. ಜವಳವೇನೋ ಆಗಿತ್ತು, ಕೂಸನ್ನು ಬಾಲವಾಡಿಗೆ ಕಳಿಸಿಯೂ ಇದ್ದಳು. ಆದರೆ ಸಭೆಯಲ್ಲಿ ಏನು ಹೇಳುತ್ತಾಳೆಂದು ನನಗೆ ಹೇಳಿರಲಿಲ್ಲ.

“ನಮ್ಮ ಕೂಸಿನ ಜಡಿ ಆಡಿಗಿ ತಿನಿಸ್ಕೊಂಡು ಬಂದಾಳ್ರೀ ಈಕಿ” ಎಂದಳು. ಬೋಧಕಿ ಪೆನ್ನು ಎತ್ತಿ ಹಿಡಿದಿದ್ದರು. “ತಿನಿಸಿದಾಕಿ ಅಡ್ಡದಾರಿ ಹಿಡೀಲಿಲ್ಲ. ನಮ್ಮ ಹೊಸ್ತಿಲಿಗೇ ಬಂದ್ಲು. ಮ್ಯಾಲ ಅತನೂರಿಗಿ ಹೋಗಿ ನಮ್ಮ ಬೀಗನ್ನ ತಂದ್ಲು. ಮೂರು ವರ್ಷ ಹಿರೇರಾದ ನಮಗ ಅದು ಆಗಿದ್ದಿಲ್ಲ. ಕಳಸ್ತೀನ್ರಿ, ಮತ್ತೊಮ್ಮಿ ಕಳಸ್ತೀನಿ. ಆದ್ರ ಹೂವ ಮುಡಸಂಗಿಲ್ಲ.”

ಬೋಧಕಿ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೊಂದೇ ಸಲ. “ಮೊಲದ ಉಗುರು, ಟರ್ಕಿಯ ಕೊಕ್ಕು ಎಲ್ಲ ನಾನು ಪಾಠದಲ್ಲಿ ಹೇಳ್ತೀನಿ. ಆಡಿಗೆ ಬೆನ್ನು ಮಾಡಬೇಡಿ ಅಂತ ಇನ್ನು ಮೇಲೆ ಸೇರಿಸ್ಕೋತೀನಿ” ಎಂದು ಬರೆದುಕೊಂಡರು.

ಪ್ರಮಾಣಪತ್ರ ಕೊಡುವ ದಿನ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಒಂದು ದಿನದ ಕೂಲಿ ಬಿಟ್ಟು, ಇದ್ದುದರಲ್ಲಿ ಹೊಸ ಸೀರೆ ಉಟ್ಟು, ಕೊನೆಯ ಸಾಲಿನಲ್ಲಿ ಕೂತಿದ್ದಳು. ಬೋಧಕಿ ನನ್ನ ಹೆಸರು ಕೂಗಿ, ಬಿ.ಎ. ಎಂಬುದನ್ನೂ ಸೇರಿಸಿ ಕೂಗಿ, ಕಾಗದ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಒಯ್ದು ಅವ್ವನ ಕೈಗಿಟ್ಟೆ. ಅವಳಿಗೆ ಓದಲು ಬರುವುದಿಲ್ಲ. ಅಂಚು ಹಿಡಿದು, ನಡುವೆ ಎಲ್ಲೂ ಬೆರಳು ತಾಗಿಸದೆ, ಬಹಳ ಹೊತ್ತು ನೋಡಿದಳು.

“ನೀ ಕೂಸಿದ್ದಾಗ ಹೊಲದಾಗ ಬೇವಿನ ಗಿಡಕ್ಕ ಜೋಳಗಿ ಕಟ್ಟಿ ನಿನ್ನ ಮಲಗಿಸಿ ಕಸ ತೆಗೀತಿದ್ದೆ” ಎಂದಳು. “ಇರುವಿ ಏರ್ಯಾವೇನು, ನಾಯಿ ಬಂದದೇನು ಅಂತ ಸಾಲಿಗೊಮ್ಮಿ ಹೊಳ್ಳಿ ನೋಡ್ತಿದ್ದೆ. ಹೊಳ್ಳಿ ನೋಡಿದ್ದಕ್ಕ ಬೈಸ್ಕೋತಿದ್ದೆ. ಆವಾಗ ನಿನ್ನಂಥಾಕಿ ಒಬ್ಬಾಕಿ ನಮ್ಮೂರಾಗ ಇದ್ದಿದ್ರ, ನನ್ನವ್ವಾ, ನಾನೂ ತಲಿ ಬಗ್ಗಿಸಿ ಒಂದು ಸಾಲು ಪೂರಾ ಕೆಲಸ ಮಾಡ್ತಿದ್ದೆ.”